ಹಂಚಿನ ಬೆನ್ನು ಓದಿ, ಗೋಡೆ ಮಾಡಿ: ಕಾರ್ಖಾನೆಯ ನೆನಪಿಗೆ ಕೇರಿಯವರೇ ಸೇರಿ ಮಾಡುವ ಕಲೆ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಮಧ್ಯಾಹ್ನ ಉಂಡು ಅಂಗಾತ ಮಲಗಿದರೆ ಮೊದಲು ಕಣ್ಣಿಗೆ ಬೀಳುವುದು ಹಂಚಿನ ಬೆನ್ನು. ಪಕ್ಕಾಸು ಎಂಬ ಇಳಿಜಾರು ಮರ, ಅದರ ಮೇಲೆ ಅಡ್ಡ ಹೊಡೆದ ರೀಪು ಪಟ್ಟಿ, ರೀಪಿನ ಸಂದಿಯಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ. ಕಾರ್ಖಾನೆಯ ಹೆಸರು, ಊರಿನ ಹೆಸರು, ಒಂದು ಇಸವಿ. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದು ಹಾಗೆ ಮಲಗಿಕೊಂಡೇ.

ಆ ಮಾಡು, ಅಂದರೆ ಹಂಚಿನ ಸೂರು, ಈಗಿಲ್ಲ. ತಾರಸಿ ಬಂತು. ಇಳಿಸಿದ ಹಂಚು ತೆಂಗಿನ ಬುಡದಲ್ಲಿ ಅಡ್ಡಡ್ಡ ಜೋಡಿಸಿಟ್ಟಿದೆ, ಮೇಲೆ ಪಾಚಿ ಬೆಳೆದಿದೆ. ಮಂಗಳೂರಿನ ಯಾವ ಓಣಿಗೆ ಹೋದರೂ ಇಂಥ ಒಂದು ರಾಶಿ ಸಿಗುತ್ತದೆ. ಅದನ್ನು ಬಳಸಿ, ಅದೇ ಕೇರಿಯವರು ಸೇರಿ, ಒಂದು ಗೋಡೆಯನ್ನು ಹೇಗೆ ಚಿತ್ರವಾಗಿ ಮಾಡಬಹುದು ಎಂದು ಇಲ್ಲಿ ಬರೆಯುತ್ತಿದ್ದೇನೆ. ನಾವು ಒಂದು ಮಾಡಿದೆವು. ಒಮ್ಮೆ ಕೆಟ್ಟಿತು, ಎರಡನೇ ಸಲ ನಿಂತಿತು. ಕೆಟ್ಟದ್ದೂ ಹೇಳುತ್ತೇನೆ.

ಕಾರ್ಖಾನೆಯ ನೆನಪು ಅಂದ ಕೂಡಲೇ ಬಣ್ಣದ ಡಬ್ಬಿ ತರಲು ಓಡುವವರು ಜಾಸ್ತಿ. ನಿಮ್ಮ ಕೇರಿ ಹಂಚು ಮಾಡಿದ ಕೇರಿಯಾದರೆ ಹಂಚಿನ ಚಿತ್ರ ಬರೆಯುವುದು ಯಾಕೆ? ಹಂಚನ್ನೇ ಇಡಿ. ನಮ್ಮ ಮಳೆಗೆ ಹೊರಗೋಡೆಯ ಬಣ್ಣ ನಾಲ್ಕೈದು ವರ್ಷ ಬಾಳಿದರೆ ದೊಡ್ಡದು. ಸರಿಯಾಗಿ ಬೆಂದ ಹಂಚು ನೂರು ವರ್ಷ ಮಳೆ ತಿಂದೂ ಹಾಗೇ ಇದೆ.

ಮೊದಲು ಹಂಚಿನ ಬೆನ್ನು ಓದಿ

ಚಿತ್ರ ಏನಿರಬೇಕು ಎಂದು ಮೊದಲ ದಿನವೇ ಕೂತು ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಎರಡು ಭಾನುವಾರ ಹಂಚು ನೋಡುವುದಕ್ಕೇ ಇಡಿ. ಮಕ್ಕಳನ್ನು ಕರೆದುಕೊಂಡು ಮನೆ ಮನೆಗೆ ಹೋಗಿ. ರಾಶಿಯಿಂದ ಒಂದೊಂದು ಹಂಚು ತೆಗೆದು ಬೆನ್ನು ತಿರುಗಿಸಿ ಫೋಟೋ ತೆಗೆಯಿರಿ. ಅಕ್ಷರ ಸವೆದಿದ್ದರೆ ಒಂದು ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ಎದ್ದು ಬರುತ್ತದೆ. ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಅದೇ ಆಟ.

ಅಲ್ಲಿ ಓದಲು ಬೇಕಾದಷ್ಟಿದೆ. ಮಂಗಳೂರಿನಲ್ಲಿ ಯಂತ್ರದಿಂದ ಹಂಚು ಒತ್ತುವ ಕೆಲಸ ಶುರುವಾದದ್ದು 1865ರಲ್ಲಿ, ನೇತ್ರಾವತಿಯ ದಡದ ಜೆಪ್ಪುವಿನಲ್ಲಿ. ಮಾಡಿದವರು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯವರು, ಮುಂದೆ ನಿಂತವನು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್. ಒಂದಕ್ಕೊಂದು ಕೊಂಡಿ ಹಾಕಿ ಕೂರುವ ಈ ನಮೂನೆ ಹಂಚು ಅದಕ್ಕೂ ಮೊದಲು ಫ್ರಾನ್ಸಿನ ಆಲ್ಸಾಸ್‌ನಲ್ಲಿತ್ತು. ಅಲ್ಲಿಯ ಗಿಲಾರ್ಡೊನಿ ಸಹೋದರರು 1841ರಲ್ಲೇ ಪೇಟೆಂಟ್ ತೆಗೆದಿದ್ದರು. ನಾವು 'ಮಂಗಳೂರು ಹಂಚು' ಎಂದು ಎದೆ ಉಬ್ಬಿಸುವಾಗ ಇದೂ ನೆನಪಿರಲಿ. ಆದರೆ ಮಣ್ಣು ನಮ್ಮದು, ತುಳಿದ ಕಾಲೂ ನಮ್ಮದು. ಜೆಪ್ಪು ಆದ ಮೇಲೆ ಕುದ್ರೋಳಿ, ಮಲ್ಪೆ, ಆಮೇಲೆ ಕೇರಳದ ಫೆರೋಕ್, ಕೊಡಕಲ್, ಪಾಲಕ್ಕಾಡು ಎಂದು ಮಿಶನ್ ಕಾರ್ಖಾನೆ ಹಬ್ಬಿತು. ಊರಿನ ವ್ಯಾಪಾರಿಗಳೂ ಸುಮ್ಮನಿರಲಿಲ್ಲ. ನದಿ ದಡದಲ್ಲಿ ಒಂದಾದ ಮೇಲೊಂದು ಚಿಮಣಿ ಎದ್ದಿತು.

ಒಂದು ಎಚ್ಚರಿಕೆ. ಬೆನ್ನಿನಲ್ಲಿ '1865' ಎಂದು ಕಂಡ ಕೂಡಲೇ ನೂರೈವತ್ತು ವರ್ಷದ ಹಂಚು ಸಿಕ್ಕಿತು ಎಂದು ಕುಣಿಯಬೇಡಿ. ಅದು ಕಾರ್ಖಾನೆ ಶುರುವಾದ ವರ್ಷ. ಹಂಚು ಒತ್ತಿದ ವರ್ಷ ಅಲ್ಲ. ಕಾಲ ಗೊತ್ತಾಗಬೇಕಾದರೆ ಹೆಸರು ನೋಡಬೇಕು. 'ಬಾಸೆಲ್ ಮಿಶನ್' ಎಂದಿದ್ದರೆ ಅದು ಸಾಮಾನ್ಯವಾಗಿ ಮೊದಲ ಮಹಾಯುದ್ಧಕ್ಕಿಂತ ಹಿಂದಿನದು. ಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಶನ್‌ನ ಕಾರ್ಖಾನೆಗಳನ್ನು ಶತ್ರುಗಳ ಆಸ್ತಿ ಎಂದು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಹೆಸರು ಹಾಗೆ ಬದಲಾಗಿದ್ದರೆ ಯುದ್ಧದ ನಂತರದ್ದು. ಯುರೋಪಿನ ಒಂದು ಯುದ್ಧ ನಮ್ಮ ಅಡುಗೆಮನೆಯ ಮಾಡಿನಲ್ಲಿ ಅಚ್ಚಾಗಿ ಕೂತಿದೆ ಎಂದರೆ ಮಕ್ಕಳಿಗೆ ಎಷ್ಟು ಮಜಾ, ನೋಡಿ. ನಮ್ಮಲ್ಲಿ ಒಬ್ಬ ಏಳನೇ ಕ್ಲಾಸಿನ ಹುಡುಗ ಎರಡೂ ಹೆಸರಿನ ಹಂಚು ಒಂದೇ ರಾಶಿಯಲ್ಲಿ ಹುಡುಕಿ ತೆಗೆದ. ಆ ಮನೆಯ ಮಾಡನ್ನು ಎರಡು ಸಲ ಹೊದಿಸಿದ್ದಾರೆ ಎಂದು ಅವನೇ ಹೇಳಿದ.

ಸಿಕ್ಕಿದ ಗುರುತುಗಳನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಯಾವ ಮನೆ, ಯಾವ ಹೆಸರು, ಎಷ್ಟು ಹಂಚು ಕೊಡಲು ಒಪ್ಪಿದ್ದಾರೆ, ಇಷ್ಟು ಸಾಕು. ಒಳ್ಳೆ ಅಕ್ಷರ ಇರುವ ಹಂಚನ್ನು ಬೇರೆ ಇಡಿ. ಅವನ್ನು ಒಡೆಯುವುದಿಲ್ಲ.

ದುಡಿದವರ ಹತ್ತಿರ ಕೂತು ಕೇಳಿ

ಮುಂದಿನ ಹೆಜ್ಜೆ ಮಾತು. ಕಾರ್ಖಾನೆಯಲ್ಲಿ ದುಡಿದವರು ಇನ್ನೂ ಇದ್ದಾರೆ. ಹೆಚ್ಚಿನವರಿಗೆ ಎಪ್ಪತ್ತು ದಾಟಿದೆ. ತಡ ಮಾಡಿದಷ್ಟೂ ನಷ್ಟ.

ತುಳು ಮಾತಾಡುವವರ ಹತ್ತಿರ ತುಳುವಿನಲ್ಲೇ ಮಾತಾಡಿ. ಅವರಿಗೆ ಹಂಚು ಅಂದರೆ 'ಓಡು'. ಕೊಂಕಣಿ, ಬ್ಯಾರಿ, ಮಲಯಾಳ ಮನೆಮಾತಿನವರೂ ಈ ಕೇರಿಗಳಲ್ಲಿದ್ದಾರೆ, ಆ ಭಾಷೆ ಬರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. 'ನಿಮ್ಮ ಅನುಭವ ಹೇಳಿ' ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಚಿಕ್ಕ ಚಿಕ್ಕ ಪ್ರಶ್ನೆ ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಸೈರನ್ ಕೂಗುತ್ತಿತ್ತು? ಬುತ್ತಿಯಲ್ಲಿ ಏನಿರುತ್ತಿತ್ತು? ತಲೆಯ ಮೇಲೆ ಒಮ್ಮೆಗೆ ಎಷ್ಟು ಹಂಚು? ಮಗು ಚಿಕ್ಕದಿದ್ದಾಗ ಎಲ್ಲಿ ಬಿಟ್ಟು ಹೋಗುತ್ತಿದ್ದಿರಿ? ಕೈಯಲ್ಲಿ ಒಂದು ಹಂಚು ಕೊಟ್ಟು ಕೇಳಿದರೆ ಇನ್ನೂ ಒಳ್ಳೆಯದು.

ನಮಗೆ ಸಿಕ್ಕಿದ ಒಬ್ಬ ಅಜ್ಜಿ ಮಾತು ಶುರು ಮಾಡುವ ಮೊದಲೇ ನಾವು ತಂದ ಹಂಚನ್ನು ಎಡಗೈಯಲ್ಲಿ ತೂಗಿ ಹಿಡಿದು, ಬಲಗೈ ಬೆರಳ ಗೆಣ್ಣಿನಿಂದ ಬಡಿದರು. ಕಿವಿ ಹತ್ತಿರ ತಂದು ಇನ್ನೊಮ್ಮೆ ಬಡಿದರು. "ಇದು ಬೇಯ್ಲಿಲ್ಲ ಮಗಾ, ಬಿಸಾಡು" ಅಂದರು. ಇನ್ನೊಂದನ್ನು ಬಡಿದರು. ಟಣ್ ಎಂದಿತು. "ಇದು ಆಗ್ತದೆ." ಅವರು ಹಂಚು ಸುಡುವ ಗೂಡಿನಿಂದ ಹಂಚು ಇಳಿಸಿ ವಿಂಗಡಿಸುವ ಕೆಲಸದಲ್ಲಿದ್ದವರು. ಆಮೇಲೆ ನಮ್ಮ ಗೋಡೆಗೆ ಬಂದ ಪ್ರತಿಯೊಂದು ಹಂಚೂ ಅವರ ಬೆರಳು ದಾಟಿಯೇ ಬಂತು. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆವು, ಮಕ್ಕಳು ಸಾಲಾಗಿ ನಿಂತು ಒಂದೊಂದೇ ಕೊಟ್ಟರು. ಇಂಥವರನ್ನು ಉದ್ಘಾಟನೆಯ ದಿನ ಶಾಲು ಹೊದೆಸಲು ಮಾತ್ರ ಕರೆಯಬೇಡಿ. ಕೆಲಸ ಕೊಡಿ. ಅವರಿಗೆ ಕೆಲಸ ಗೊತ್ತು.

ಮಾತು ರೆಕಾರ್ಡ್ ಮಾಡುವುದಾದರೆ ಕೇಳಿ ಮಾಡಿ. ಹಾಗೇ ಸಿಹಿ ನೆನಪು ಮಾತ್ರ ಹೆಕ್ಕಬೇಡಿ. ಗದ್ದೆಯಿಂದ, ನದಿ ದಡದಿಂದ ಆವೆ ಮಣ್ಣು ತೆಗೆದು ತೆಗೆದು ಹೊಂಡ ಬಿದ್ದ ಕಥೆ ಇದೆ. ಗೂಡಿಗೆ ಸುರಿದ ಸೌದೆಯ ಲೆಕ್ಕ ಇದೆ. ಕೂಲಿಗಾಗಿ ಸಂಘ ಕಟ್ಟಿ ಮುಷ್ಕರ ಮಾಡಿದ ನೆನಪಿದೆ. ಮಣ್ಣು, ಸೌದೆ ಎರಡೂ ದುಬಾರಿಯಾಗಿ, ಜನ ತಾರಸಿ ಮನೆಗೆ ಹೊರಳಿ, ಒಂದೊಂದೇ ಗೂಡು ಆರಿದ ಮೇಲೆ ಮನೆ ಹೇಗೆ ನಡೆಯಿತು ಎಂಬುದೂ ಇದೆ. ಇವನ್ನೆಲ್ಲ ಬಿಟ್ಟರೆ ನಿಮ್ಮ ಗೋಡೆ ಹೋಟೆಲಿನ ಅಲಂಕಾರದ ಗೋಡೆಯ ಹಾಗೆ ಕಾಣುತ್ತದೆ.

ಗೋಡೆ ಯಾರದ್ದು?

ಈ ಭಾಗ ಬೇಜಾರಿನದು, ಆದರೂ ಬಿಡುವ ಹಾಗಿಲ್ಲ. ರಸ್ತೆ ಬದಿಯ ಗೋಡೆ ಎಂದರೆ ಎಲ್ಲರದ್ದು ಎಂದು ನಾವು ತಿಳಿಯುತ್ತೇವೆ. ಅದು ಪಾಲಿಕೆಯದ್ದಿರಬಹುದು, ಲೋಕೋಪಯೋಗಿ ಇಲಾಖೆಯದ್ದಿರಬಹುದು, ರೈಲ್ವೆಯದ್ದಿರಬಹುದು, ಚರ್ಚಿನದ್ದೋ ದೈವಸ್ಥಾನದ್ದೋ ಇರಬಹುದು. ಸಾರ್ವಜನಿಕರಿಗೆ ಕಾಣುವ ಜಾಗಗಳನ್ನು ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾಯ್ದೆಯೇ ಇದೆ. ಆದ್ದರಿಂದ ಬಾಯಿಮಾತಿನ ಒಪ್ಪಿಗೆಗೆ ನಿಲ್ಲಬೇಡಿ, ಕಾಗದದಲ್ಲಿ ತೆಗೆದುಕೊಳ್ಳಿ.

ಅರ್ಜಿಯ ಜೊತೆ ನಾಲ್ಕು ವಿಷಯ ಇರಲಿ: ಗೋಡೆಯ ಫೋಟೋ, ಅಳತೆ ಹಾಕಿದ ಒರಟು ಚಿತ್ರ, ಕೆಲಸದ ದಿನಗಳು, ಮುಂದೆ ನೋಡಿಕೊಳ್ಳುವವರು ಯಾರು ಎಂಬುದು. ಕೊನೆಯದನ್ನು ಕೇಳದೆ ಯಾವ ಅಧಿಕಾರಿಯೂ ಸಹಿ ಹಾಕುವುದಿಲ್ಲ, ಅದು ಸರಿಯೂ ಹೌದು. ರಸ್ತೆ ಅಗಲ ಮಾಡುವ ಯೋಜನೆ ಇದೆಯಾ ಎಂದು ನೀವೂ ಕೇಳಿ. ಎರಡು ತಿಂಗಳು ಬೆವರು ಸುರಿಸಿ ಮಾಡಿದ್ದನ್ನು ಜೆಸಿಬಿ ಹತ್ತು ನಿಮಿಷದಲ್ಲಿ ಕೆಡವಬಾರದಲ್ವಾ.

ಮೊದಲ ಸಲಕ್ಕೆ ಖಾಸಗಿಯವರ ಕಂಪೌಂಡ್ ಗೋಡೆಯೇ ಒಳ್ಳೆಯದು. ಅಂಗನವಾಡಿ, ಶಾಲೆ, ಯುವಕ ಮಂಡಲದ ಕಟ್ಟಡವಾದರೂ ಆದೀತು. ಮುಚ್ಚಿದ ಕಾರ್ಖಾನೆಯ ಆವರಣಕ್ಕೆ ಮಾತ್ರ ಕೇಳದೆ ನುಗ್ಗಬೇಡಿ. ಮಾಡು ಕುಸಿಯುವ ಸ್ಥಿತಿಯಲ್ಲಿರುತ್ತದೆ, ಹಾವೂ ಇರುತ್ತದೆ.

ಗೋಡೆಯ ಆರೋಗ್ಯ ನೋಡಿ

ಇಲ್ಲಿ ಲೆಕ್ಕ ಸ್ವಲ್ಪ ಬೇಕು. ಒಂದು ಮಂಗಳೂರು ಹಂಚು ಎರಡೂವರೆ ಕಿಲೋ ಹತ್ತಿರ ತೂಗುತ್ತದೆ, ಉದ್ದ ಸುಮಾರು 41 ಸೆಂ.ಮೀ., ಅಗಲ 23-24 ಸೆಂ.ಮೀ. 8 ಅಡಿ ಉದ್ದ, 4 ಅಡಿ ಎತ್ತರದ ಚಿತ್ರಕ್ಕೆ ಲೆಕ್ಕದ ಪ್ರಕಾರ 30 ಚಿಲ್ಲರೆ ಹಂಚು ಸಾಕು. ಆದರೆ ಒಡೆಯುವಾಗ ಹಾಳಾಗುವುದು, ಬಣ್ಣ ಹೊಂದದೆ ಬಿಡುವುದು ಎಲ್ಲ ಸೇರಿಸಿ 60 ಇಟ್ಟುಕೊಳ್ಳಿ. ಹಂಚು, ಗಾರೆ ಸೇರಿ ಗೋಡೆಯ ಮೇಲೆ ಇನ್ನೂರು ಕಿಲೋಗಿಂತ ಜಾಸ್ತಿ ಭಾರ ಬೀಳುತ್ತದೆ. ಹಳೆಯ ಗಿಲಾವಿಗೆ ಅದನ್ನು ಹೊರುವ ಶಕ್ತಿ ಇರುವುದಿಲ್ಲ.

ಮರದ ಸುತ್ತಿಗೆಯಿಂದಲೋ ಕರಣೆಯ ಹಿಡಿಯಿಂದಲೋ ಗೋಡೆಯನ್ನು ಬಡಿಯುತ್ತ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಗಿಲಾವು ಕಲ್ಲು ಬಿಟ್ಟಿದೆ, ಕೆರೆದು ತೆಗೆಯಬೇಕು. ಬಣ್ಣ ಇದ್ದರೆ ಅದನ್ನೂ ಕೆರೆಯಬೇಕು, ಬಣ್ಣದ ಮೇಲೆ ಸಿಮೆಂಟ್ ಹಿಡಿಯುವುದಿಲ್ಲ. ಕೆಂಪು ಕಲ್ಲಿನ ಗೋಡೆ ಗಿಲಾವಿಲ್ಲದೆ ಇದ್ದರೆ ನಿಮ್ಮ ಪುಣ್ಯ. ಅದರ ತೂತುಗಳಿಗೆ ಗಾರೆ ಬೇರು ಬಿಟ್ಟ ಹಾಗೆ ಹಿಡಿಯುತ್ತದೆ.

ತೇವ ಗೊತ್ತಾಗಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಗಡೆ ಹನಿ ಕಟ್ಟಿದರೆ ಆ ಗೋಡೆ ಬೇಡ. ಹಿಂದೆ ಗುಡ್ಡದ ಮಣ್ಣು ತಡೆದು ನಿಂತ ಗೋಡೆಯೂ ಬೇಡ. ಮಳೆಗಾಲ ಪೂರ್ತಿ ಅದು ಒಳಗಿಂದ ಬೆವರುತ್ತದೆ, ಹಂಚಿನ ಮುಖಕ್ಕೆ ಬಿಳಿ ಉಪ್ಪು ತಂದು ಬಿಡುತ್ತದೆ. ತೀರಾ ಬೇಕೇ ಬೇಕು ಎಂದರೆ ಅದರ ನೀರು ಬಿಡುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಕೆಲಸದ ಕಾಲ ಡಿಸೆಂಬರ್‌ನಿಂದ ಮಾರ್ಚ್. ಏಪ್ರಿಲ್ ಕೊನೆಗೆ ಎಲ್ಲ ಮುಗಿಯಬೇಕು. ಬಿಸಿಲಿನ ಗೋಡೆ ಗಾರೆಯ ನೀರನ್ನು ಹೀರಿಬಿಡುತ್ತದೆ. ಆದ್ದರಿಂದ ಬೆಳಿಗ್ಗೆ ಹತ್ತೂವರೆಯ ಒಳಗೆ, ಇಲ್ಲ ಸಂಜೆ ನಾಲ್ಕರ ಮೇಲೆ ಕೆಲಸ.

ಚಿತ್ರವನ್ನು ನೆಲದಲ್ಲಿ ಹಾಕಿ

ಕಾಗದದಲ್ಲಿ ಚಿತ್ರ ಮಾಡಿದರೆ ಚಿತ್ರ ಬರುವವರದ್ದೇ ದರ್ಬಾರು ಆಗುತ್ತದೆ, ಉಳಿದವರು ಕೈಕಟ್ಟಿ ನಿಲ್ಲುತ್ತಾರೆ. ಅದರ ಬದಲು ಅಂಗಳದಲ್ಲಿ ಗೋಡೆಯ ಅಳತೆಗೇ ಚೌಕ ಹಾಕಿ, ಎರಡಿಂಚು ಹೊಯ್ಗೆ (ಮರಳು) ಹರಡಿ, ಅದರ ಮೇಲೆ ಹಂಚಿನ ಚೂರು ಜೋಡಿಸಲು ಬಿಡಿ. ರಂಗೋಲಿ ಹಾಕುವವರು ಪ್ರತಿ ಮನೆಯಲ್ಲಿದ್ದಾರೆ. ಚೂರನ್ನು ಎತ್ತಿ ಬೇರೆ ಕಡೆ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ವಾರ ಹಾಗೇ ಬಿಡಿ, ಹೋಗುವವರು ಬರುವವರು ಬದಲಾಯಿಸುತ್ತಿರಲಿ.

ಏನು ಚಿತ್ರ? ನನ್ನ ಅಭಿಪ್ರಾಯ ಕೇಳಿದರೆ ಒಂದೇ ವಿಷಯ ಹಿಡಿಯಿರಿ. ಚಿಮಣಿ, ದೋಣಿ, ನದಿ, ಒತ್ತುಯಂತ್ರ, ಯಕ್ಷಗಾನದ ಕಿರೀಟ, ಮೀನು, ತೆಂಗಿನಮರ ಎಲ್ಲವನ್ನೂ ತುರುಕಿದರೆ ಪ್ರವಾಸೋದ್ಯಮದ ಬ್ಯಾನರ್ ಆಗುತ್ತದೆ. ಕಿರೀಟವಂತೂ ದಯವಿಟ್ಟು ಬೇಡ, ನಗರದ ಪ್ರತಿ ಮೇಲ್ಸೇತುವೆಯ ಕಂಬದಲ್ಲೂ ಅದು ಇದೆ. ನಮ್ಮ ಗೋಡೆಯಲ್ಲಿ ಇದ್ದದ್ದು ತಲೆಯ ಮೇಲೆ ಹಂಚು ಹೊತ್ತು ಸಾಲಾಗಿ ನಡೆಯುವ ಆರು ಹೆಂಗಸರು, ಅಷ್ಟೇ. ನಡುನಡುವೆ ಬೆನ್ನು ತೋರಿಸಿ ನಿಂತ ಇಡೀ ಹಂಚುಗಳು, ಹೆಸರು ಓದುವ ಹಾಗೆ. ಮೊದಲು ಹೆಂಗಸರ ಕುತ್ತಿಗೆ ಬಾಗಿದ ಹಾಗೆ ಜೋಡಿಸಿದ್ದೆವು. ಅದೇ ಅಜ್ಜಿ ಬಂದು ನೋಡಿ, ಕುತ್ತಿಗೆ ಬಗ್ಗಿಸಿದರೆ ಹೊರೆ ಬೀಳುತ್ತದೆ ಎಂದು ತಾವೇ ಕೂತು ನೇರ ಮಾಡಿದರು.

ಬಣ್ಣ ಕಡಿಮೆ ಎಂದು ಚಿಂತೆ ಬೇಡ. ರಾಶಿ ಹರಡಿ ನೋಡಿದರೆ ಹಂಚಿನಲ್ಲೇ ಎಷ್ಟೊಂದು ಬಣ್ಣವಿದೆ: ಹೆಚ್ಚು ಬೆಂದು ನೇರಳೆಗೆ ತಿರುಗಿದ್ದು, ಇಟ್ಟಿಗೆ ಕೆಂಪು, ಕಿತ್ತಳೆ, ಒಲೆಯ ಹೊಗೆ ಹಿಡಿದು ಕಪ್ಪಾದ ಅಡುಗೆಮನೆಯ ಹಂಚು. ಆ ಹೊಗೆಯ ಕಪ್ಪನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಬಿಳಿ ಬೇಕಾದರೆ ಮನೆಮನೆಯ ಒಡೆದ ಪಿಂಗಾಣಿ ಬಟ್ಟಲು ಕೇಳಿ. ಒಡಕಲಿನ ಚಿತ್ರಕ್ಕೆ ದೊಡ್ಡ ದೊಡ್ಡ ಉದಾಹರಣೆಗಳೇ ಇವೆ. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದ ನೇಕ್ ಚಂದ್ ಒಡೆದ ಬಳೆ, ಬಟ್ಟಲು, ಕಟ್ಟಡದ ಕಸದಿಂದ ವರ್ಷಗಟ್ಟಲೆ ಗುಟ್ಟಾಗಿ ಮಾಡಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಸ್ಪೇನಿನ ಬಾರ್ಸಿಲೋನಾದಲ್ಲಿ ವಾಸ್ತುಶಿಲ್ಪಿ ಗೌಡಿಯ ಬೆಂಚುಗಳೂ ಒಡೆದ ಪಿಂಗಾಣಿ ಟೈಲಿನವೇ.

ತೊಳೆಯುವುದು, ಒಡೆಯುವುದು

ಪಾಚಿ ಹಿಡಿದ ಹಂಚನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ತೆಂಗಿನ ನಾರಿನಿಂದ ಉಜ್ಜಿ, ನಾಲ್ಕು ದಿನ ಬಿಸಿಲಿಗೆ ಹಾಕಿ. ಆಸಿಡ್ ಬೇಡ. ಹಂಚು ಅದನ್ನು ಕುಡಿದು ಇಟ್ಟುಕೊಳ್ಳುತ್ತದೆ, ಮುಂದೆ ಸಿಮೆಂಟಿಗೆ ಕೇಡು.

ಒಡೆಯಲು ಹಂಚನ್ನು ಗೋಣಿಚೀಲದೊಳಗೆ ಇಟ್ಟು ಸುತ್ತಿಗೆಯಿಂದ ಹೊಡೆಯಿರಿ. ಚೂರು ಹಾರುವುದಿಲ್ಲ. ಹಂಚಿನ ಬೆನ್ನಿನ ಏಣುಗಳಿಂದಾಗಿ ಚೂರು ಸಮನಾಗಿ ಒಡೆಯುವುದಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಚಪ್ಪಟೆ ಚೂರು ಬೇಕಾದಲ್ಲಿ ಮಾಡಿನ ಹಂಚಿನ ಕೆಳಗೆ ಹಾಕುತ್ತಿದ್ದ ಸೀಲಿಂಗ್ ಹಂಚು ಹುಡುಕಿ. ಮುಖ, ಕೈಬೆರಳಿನಂಥ ಸೂಕ್ಷ್ಮ ಆಕಾರ ಬೇಕಾದಲ್ಲಿ ಮೇಸ್ತ್ರಿಯ ಕೈಯಿಂದ ಕಟ್ಟರ್‌ನಲ್ಲಿ ಕೊಯ್ಯಿಸಿ. ಕೊಯ್ಯುವಾಗ ನೀರು ಬಿಡುತ್ತಿರಲಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಸುತ್ತಿಗೆ ಹಿಡಿದವರಿಗೆಲ್ಲ ಕನ್ನಡಕ, ಕೈಗವಸು ಕಡ್ಡಾಯ. ಚಿಕ್ಕ ಮಕ್ಕಳಿಗೆ ತೊಳೆಯುವ, ಬಣ್ಣದ ಪ್ರಕಾರ ಬುಟ್ಟಿಗೆ ಹಾಕುವ ಕೆಲಸ ಕೊಡಿ. ಅದರಲ್ಲೇ ಅವರು ಜಗಳ ಮಾಡಿಕೊಂಡು ಖುಷಿಯಾಗಿರುತ್ತಾರೆ.

ಶೀಟಿನ ಮಾಡಿನ ಚೂರು ರಾಶಿಯಲ್ಲಿ ಕಂಡರೆ ಅದನ್ನು ಮಾತ್ರ ಮುಟ್ಟಬೇಡಿ. ಹಳೆಯ ಸಿಮೆಂಟ್ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಒಡೆದರೆ ಅದರ ಎಳೆ ಶ್ವಾಸಕೋಶಕ್ಕೆ ಹೋಗುತ್ತದೆ.

ಜೊತೆಗೆ ಹೊಸ ಮಣ್ಣಿನ ಬಿಲ್ಲೆ ಮಾಡುವ ಆಸೆ ಇದ್ದರೆ ಹತ್ತಿರದ ಕುಂಬಾರರನ್ನು ಕಾಣಿ. ಹದ ಮಾಡಿದ ಮಣ್ಣನ್ನು ಒಂದೂವರೆ ಸೆಂ.ಮೀ. ದಪ್ಪಕ್ಕೆ ಲಟ್ಟಿಸಿ, ಬೇಕಾದ ಆಕಾರ ಒತ್ತಿ, ನೆರಳಲ್ಲಿ ಎರಡು ವಾರ ಒಣಗಿಸಬೇಕು. ಅವಸರ ಮಾಡಿ ಬಿಸಿಲಿಗಿಟ್ಟರೆ ಅಂಚು ಮೇಲೇಳುತ್ತದೆ. ಒಳಗೆ ಹಸಿ ಉಳಿದರೆ ಗೂಡಿನಲ್ಲಿ ಸಿಡಿಯುತ್ತದೆ, ಪಕ್ಕದ್ದನ್ನೂ ಒಡೆಯುತ್ತದೆ. ಒಣಗಿ ಬೆಂದಾಗ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆ ಎಂದು ಲೆಕ್ಕ ಹಾಕಿ ದೊಡ್ಡದಾಗಿಯೇ ಮಾಡಿ.

ಗೋಡೆಗೆ ಏರಿಸುವ ದಿನ

ಒಬ್ಬ ಅನುಭವಿ ಮೇಸ್ತ್ರಿ ಇರಲೇಬೇಕು. ಇಡೀ ಕೆಲಸದಲ್ಲಿ ದುಡ್ಡು ಕೊಡಲೇಬೇಕಾದ ಜಾಗ ಇದು. ಎರಡು ಮೂಟೆ ಸಿಮೆಂಟ್, ಎಂಟು ಘನ ಅಡಿ ಜರಡಿ ಹಿಡಿದ ಹೊಯ್ಗೆ ಈ ಅಳತೆಗೆ ಸಾಕು. ಸಮುದ್ರದ ಹೊಯ್ಗೆಯನ್ನು ಯಾರಾದರೂ ಪುಕ್ಕಟೆ ತಂದು ಕೊಟ್ಟರೂ ಬೇಡ ಎನ್ನಿ, ಅದರ ಉಪ್ಪು ಗೋಡೆಯನ್ನು ಬಿಡುವುದಿಲ್ಲ.

ಹಿಂದಿನ ದಿನ ಗೋಡೆ ನೆನೆಸಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಹೊಯ್ಗೆಯ ಗಾರೆಯಿಂದ ಅರ್ಧ ಇಂಚಿನ ಒರಟು ಗಿಲಾವು ಹಾಕಿ, ಹಸಿ ಇರುವಾಗಲೇ ಕರಣೆಯ ತುದಿಯಿಂದ ಅಡ್ಡಡ್ಡ ಗೀರಿ ಬಿಡಿ. ಮರುದಿನ ಹಂಚು.

ಈಗ ನಾವು ಎಡವಿದ ಜಾಗ. ಮೊದಲ ಸಲ ಒಣ ಹಂಚನ್ನು ಹಾಗೇ ಗಾರೆಗೆ ಒತ್ತಿದೆವು. ಸುಟ್ಟ ಮಣ್ಣು ಬಾಯಾರಿದ ಎಮ್ಮೆಯ ಹಾಗೆ, ಗಾರೆಯ ನೀರನ್ನೆಲ್ಲ ಕುಡಿದುಬಿಟ್ಟಿತು. ಸಿಮೆಂಟ್ ಹಿಡಿಯಲು ನೀರೇ ಉಳಿಯಲಿಲ್ಲ. ಎರಡು ವಾರ ಬಿಟ್ಟು ಬಡಿದು ನೋಡಿದರೆ ಅರ್ಧ ಗೋಡೆ ಟೊಳ್ಳು. ಒಂದು ಹೆಂಗಸಿನ ತಲೆಯ ಹೊರೆ ರಾತ್ರಿ ಕಳಚಿ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಎಲ್ಲ ಕಿತ್ತು ಮತ್ತೆ ಮಾಡಿದೆವು. ಆದ್ದರಿಂದ ಚೂರುಗಳನ್ನು ಬಕೆಟ್ ನೀರಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ ಮುಳುಗಿಸಿಡಿ. ಹೊರಗೆ ತೆಗೆದು, ಮೇಲಿನ ನೀರು ಆರಿ, ಮುಟ್ಟಿದರೆ ತಣ್ಣಗೆ ಇರುವಾಗ ಅಂಟಿಸಿ. ಅಂಗಡಿಯ ಟೈಲ್ ಅಂಟು ಬಳಸುವವರು ನೆನೆಸಬೇಡಿ, ಮೂಟೆಯ ಮೇಲೆ ಬರೆದ ಹಾಗೆ ಮಾಡಿ.

ಅಂಗಳದ ಚಿತ್ರದ ಮೇಲೆ ಸೀಮೆಸುಣ್ಣದಿಂದ ಒಂದಡಿ ಚೌಕಗಳನ್ನು ಹಾಕಿ ನಂಬರ್ ಕೊಡಿ, ಗೋಡೆಯ ಮೇಲೂ ಅದೇ ಚೌಕ, ಅದೇ ನಂಬರ್. ಫೋಟೋ ತೆಗೆದಿಟ್ಟುಕೊಳ್ಳಿ. ಒಂದೊಂದು ಚೌಕದ ಚೂರನ್ನು ಒಂದೊಂದು ತಟ್ಟೆಗೆ ಹಾಕಿದರೆ ಯಾವುದು ಎಲ್ಲಿಗೆ ಎಂದು ಗೊಂದಲ ಇಲ್ಲ. ಕೆಳಗಿನ ಸಾಲಿನಿಂದ ಮೇಲಕ್ಕೆ ಹೋಗಬೇಕು, ಕೆಳಗಿನದ್ದು ಮೇಲಿನದಕ್ಕೆ ಆಸರೆ. ಒಂದು ಸಲಕ್ಕೆ ಎರಡು ಚದರ ಅಡಿಗೆ ಆಗುವಷ್ಟೇ ಗಾರೆ ಹಾಕಿ. ಚೂರನ್ನು ಸ್ವಲ್ಪ ತಿರುಗಿಸಿ ಒತ್ತಿದರೆ ಗಾಳಿ ಹೊರಗೆ ಹೋಗುತ್ತದೆ. ಇಡೀ ಹಂಚು ಭಾರ, ಜಾರುತ್ತದೆ. ಅದರ ಕೆಳಗೆ ಎರಡು ಮೊಳೆ ಹೊಡೆದು ಆಧಾರ ಕೊಟ್ಟು, ಗಟ್ಟಿಯಾದ ಮೇಲೆ ಮೊಳೆ ಕೀಳಿ. ಕಲಸಿದ ಗಾರೆ ಒಂದು ಗಂಟೆಯೊಳಗೆ ಮುಗಿಯಬೇಕು. ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ಕಲಸುವ ಚಾಳಿ ನಮ್ಮಲ್ಲಿದೆ, ಮಾಡಬೇಡಿ.

ಗೋಡೆಯ ತಲೆಗೆ ಟೋಪಿ ಬೇಕು. ಮಾಡಿನ ನೆತ್ತಿಯಲ್ಲಿ ಕೂರುವ ಬಾಗಿದ ಹಂಚು ಸಿಕ್ಕಿದರೆ ಅದನ್ನೇ ಸಾಲಾಗಿ ಹೊದಿಸಿ. ನೀರು ಚಿತ್ರದ ಹಿಂದೆ ಇಳಿಯುವುದಿಲ್ಲ. ಚೆಂದವೂ ಕಾಣುತ್ತದೆ.

ಸಂದು ತುಂಬುವುದು

ಪೇಟೆಯ ಹೊಳೆಯುವ ಟೈಲಿಗೆ ಮಾಡುವ ಹಾಗೆ ಗ್ರೌಟನ್ನು, ಅಂದರೆ ಸಂದು ತುಂಬುವ ಗಾರೆಯನ್ನು, ಇಡೀ ಗೋಡೆಗೆ ಬಳಿದು ಒರೆಸಲು ಹೋಗಬೇಡಿ. ಹಂಚಿನ ಮುಖದ ಸಣ್ಣ ತೂತುಗಳಿಗೆ ಸಿಮೆಂಟ್ ಇಳಿದು ಬೂದಿ ಬಳಿದ ಹಾಗೆ ಆಗುತ್ತದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಖಾಲಿ ಹಾಲಿನ ಪ್ಯಾಕೆಟ್ ತೊಳೆದು, ಒಂದು ಮೂಲೆ ಕತ್ತರಿಸಿ, ಅದರಲ್ಲಿ ಗ್ರೌಟ್ ತುಂಬಿ ಮೆಹೆಂದಿ ಕೋನಿನ ಹಾಗೆ ಸಂದಿಗೆ ಮಾತ್ರ ಹಿಂಡಿ. ಮದುವೆ ಮನೆಯಲ್ಲಿ ಮೆಹೆಂದಿ ಹಾಕುವ ಹುಡುಗಿಯರು ನಮ್ಮ ಮೇಸ್ತ್ರಿಯನ್ನೇ ಮೀರಿಸಿದರು. ಒಂದು ಪಾಲು ಸಿಮೆಂಟ್, ಎರಡು ಪಾಲು ನುಣ್ಣಗೆ ಜರಡಿ ಹಿಡಿದ ಹೊಯ್ಗೆ, ನೀರು ದೋಸೆ ಹಿಟ್ಟಿಗಿಂತ ಗಟ್ಟಿ. ಬೂದು ಬಣ್ಣ ಬೇಡವಾದರೆ ಹಳೆ ಮನೆಯ ಕೆಂಪು ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಸೇರಿಸಿ. ಸಿಮೆಂಟಿನ ತೂಕದ ಹತ್ತನೇ ಒಂದು ಪಾಲು ದಾಟಬಾರದು, ದಾಟಿದರೆ ಸಂದು ಪುಡಿಪುಡಿಯಾಗುತ್ತದೆ.

ಅರ್ಧ ಗಂಟೆ ಬಿಟ್ಟು ಒದ್ದೆ ಸ್ಪಾಂಜಿನಿಂದ ಮೆಲ್ಲಗೆ ಒರೆಸಿ. ಆಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಏಳು ದಿನ ನೀರು ಹಾಕಬೇಕು. ಉತ್ಸಾಹ ಇಳಿಯುವುದು ಇಲ್ಲೇ. ಫೋಟೋ ತೆಗೆದು ಹಾಕಿಯಾಯಿತು, ನೀರು ಹಾಕಲು ಯಾರೂ ಇಲ್ಲ. ದಿನಕ್ಕೊಂದು ಮನೆ ಎಂದು ಪಾಳಿ ಬರೆದು ಗೋಡೆಯ ಪಕ್ಕವೇ ಅಂಟಿಸಿ. ಒಂದು ತಿಂಗಳಾದ ಮೇಲೆ ಹೊಳಪಿಲ್ಲದ ನೀರುನಿರೋಧಕ ದ್ರಾವಣ ಒಂದು ಕೈ ಹಚ್ಚಿದರೆ ಪಾಚಿ ತಡವಾಗಿ ಬರುತ್ತದೆ. ಹೊಳೆಯುವ ವಾರ್ನಿಷ್ ಮಾತ್ರ ಬೇಡ, ಒಳಗಿನ ತೇವ ಹೊರಬರಲಾಗದೆ ಅದು ಸಿಪ್ಪೆ ಸುಲಿಯುತ್ತದೆ.

ಹೆಸರಿನ ಜಗಳ

ಆಗಿಯೇ ಆಗುತ್ತದೆ. ದಾನಿಗಳ ಹೆಸರು ಮೇಲೆ, ದುಡಿದವರ ಹೆಸರು ಕೆಳಗೆ ಎಂದು ಯಾರೋ ಹೇಳುತ್ತಾರೆ. ನಾವು ದಾನಿಗಳ ಹೆಸರನ್ನೇ ಬಿಟ್ಟೆವು, ಇಬ್ಬರಿಗೆ ಸಿಟ್ಟು ಬಂತು, ಬರಲಿ. ಕಾರ್ಖಾನೆಯಲ್ಲಿ ದುಡಿದವರ ಹೆಸರು ಹಾಕುವುದಾದರೆ ಅವರನ್ನೋ ಮನೆಯವರನ್ನೋ ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ. ಪಟ್ಟಿಯನ್ನು ಎರಡು ವಾರ ಅಂಗಡಿ ಬಾಗಿಲಲ್ಲಿ ತೂಗಹಾಕಿ, ಬಿಟ್ಟುಹೋದವರು ಬಂದು ಸೇರಿಸಲಿ. ಆಮೇಲೂ ಒಂದು ಹೆಸರು ಬಿಟ್ಟುಹೋಗುತ್ತದೆ. ಅದಕ್ಕೆ ಕೊನೆಯಲ್ಲಿ ನಾಲ್ಕು ಖಾಲಿ ಬಿಲ್ಲೆ ಉಳಿಸಿಡಿ.

ಹಂಚಿನ ಊರು ಅಲ್ಲದಿದ್ದರೆ

ದಾರಿ ಇದೇ, ವಸ್ತು ಬೇರೆ. ದಾವಣಗೆರೆಯಲ್ಲಿ ಹತ್ತಿ ಗಿರಣಿಯ ನೂಲು ಸುತ್ತುವ ಬಾಬಿನ್ ಸಿಕ್ಕೀತು, ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಯಾಗಾರದ ಗುಜರಿ, ಭದ್ರಾವತಿಯಲ್ಲಿ ಕಬ್ಬಿಣ. ಆದರೆ ಎಲ್ಲ ಪಳೆಯುಳಿಕೆಯೂ ಮುಟ್ಟುವಂಥದ್ದಲ್ಲ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಊರಲ್ಲಿ ಬೂದು ಗುಡ್ಡಗಳಿವೆಯಲ್ಲ, ಅದು ಚಿನ್ನ ತೆಗೆಯಲು ಸೈನೈಡ್ ಬಳಸಿ ಬಿಟ್ಟ ಮಣ್ಣು. ಮಕ್ಕಳ ಕೈಗೆ ಅದನ್ನು ಕೊಡಬಾರದು. ಯಂತ್ರದ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಕೆರೆದು ಧೂಳು ಮಾಡಬೇಡಿ. ಅನುಮಾನ ಇದ್ದಲ್ಲಿ ವಸ್ತು ಬಿಟ್ಟು ಆಕಾರ ತೆಗೆದುಕೊಳ್ಳಿ, ಹಸಿ ಮಣ್ಣಿನಲ್ಲಿ ಒತ್ತಿ ಸುಡಿ.

ಮೊದಲ ಮಳೆ ಆದ ಮೇಲೆ

ಜೂನ್ ಕೊನೆಗೆ ಒಮ್ಮೆ ಹೋಗಿ ಇಡೀ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿ. ಟೊಳ್ಳು ಕೇಳಿದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಮಳೆ ಬಿಟ್ಟ ಮೇಲೆ ರಿಪೇರಿ. ಬಿಳಿ ಉಪ್ಪು ಕಂಡರೆ ಒಣ ಬ್ರಷ್‌ನಿಂದ ತಿಕ್ಕಿ, ನೀರು ಹಾಕಿದರೆ ಅದು ಕರಗಿ ಮತ್ತೆ ಒಳಗೆ ಹೋಗುತ್ತದೆ. ಪಾಚಿಗೆ ನಾರು ಸಾಕು. ರಿಪೇರಿಗೆಂದು ಅದೇ ಬಣ್ಣದ ಹತ್ತು ಹಂಚನ್ನು ಯಾರದ್ದಾದರೂ ಅಟ್ಟದಲ್ಲಿ ಇಟ್ಟಿರಿ, ಯಾರ ಅಟ್ಟ ಎಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ನಮ್ಮ ಹತ್ತು ಹಂಚನ್ನು ಒಬ್ಬರು ಕೋಳಿಗೂಡಿಗೆ ಹೊದಿಸಿಬಿಟ್ಟರು. ಕೋಳಿ ಮರಿ ಮಾಡಿದೆ, ಈಗ ಕೇಳುವ ಹಾಗಿಲ್ಲ.